ದಿನದ ಸತ್ಯವೇದ (ಬೈಬಲ್) ಓದು ಫೆಬ್ರುವರಿಯಲ್ಲಿ ನಿಲ್ಲದಿರಲು: ಹಂತ ಹಂತದ ಮಾರ್ಗದರ್ಶಿ

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿಸಿ, ಹೊಸ ವರ್ಷಕ್ಕೆಂದು ಸತ್ಯವೇದದ ಒಂದು ವಚನ ಬರೆದ ವಾಗ್ದಾನದ ಕಾರ್ಡನ್ನು ಸತ್ಯವೇದದೊಳಗೆ ಇಟ್ಟುಕೊಂಡು ಮನೆಗೆ ಹೋಗುವಾಗ, ಈ ವರ್ಷವಾದರೂ ಮೊದಲ ಪುಸ್ತಕವಾದ ಆದಿಕಾಂಡದಿಂದ ಕೊನೆಯದಾದ ಪ್ರಕಟನೆಯವರೆಗೆ ಓದಿಯೇ ತೀರುತ್ತೇನೆಂದು ನಿಶ್ಚಯಿಸಿಕೊಳ್ಳುವವರು ನಮ್ಮ ಸಭೆಯಲ್ಲಿ ಪ್ರತಿ ವರ್ಷವೂ ಇರುತ್ತಾರೆ. ಫೆಬ್ರುವರಿಯ ಎರಡನೆಯ ವಾರದಲ್ಲಿ ಕೇಳಿದರೆ ಅವರಲ್ಲಿ ಹೆಚ್ಚಿನವರು ಮುಖ ತಗ್ಗಿಸುತ್ತಾರೆ. ದಾವಣಗೆರೆಯ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಾನೂ ಆರು ವರ್ಷ ಹೀಗೆಯೇ ಆರಂಭಿಸಿ ಹೀಗೆಯೇ ನಿಲ್ಲಿಸಿದವನು. ಪ್ರತಿ ಸಲವೂ ನನ್ನ ಭಕ್ತಿಯೇ ಕಡಿಮೆಯೆಂದು ಕೊರಗಿದೆನೇ ಹೊರತು, ಎಲ್ಲಿ ನಿಲ್ಲುತ್ತಿದ್ದೇನೆ ಎಂಬುದನ್ನು ಗಮನಿಸಿರಲಿಲ್ಲ.

ಲೆಕ್ಕ ಹಾಕಿದರೆ ಅದು ಸ್ಪಷ್ಟವಾಗುತ್ತದೆ. ನಮ್ಮ ಸತ್ಯವೇದದಲ್ಲಿ 66 ಪುಸ್ತಕಗಳು, 1,189 ಅಧ್ಯಾಯಗಳು ಇವೆ. ದಿನಕ್ಕೆ ಮೂರು ಅಧ್ಯಾಯದಂತೆ ಜನವರಿ 1ರಂದು ಹೊರಟವರು ಜನವರಿ 25ರಂದು ಎರಡನೆಯ ಪುಸ್ತಕವಾದ ವಿಮೋಚನಕಾಂಡದ 25ನೆಯ ಅಧ್ಯಾಯಕ್ಕೆ ಬರುತ್ತಾರೆ. ಅಲ್ಲಿಗೆ ಯೋಸೇಫನ ಕಥೆ, ಕೆಂಪು ಸಮುದ್ರ, ಸೀನಾಯಿ ಬೆಟ್ಟ ಎಲ್ಲವೂ ಮುಗಿದು, ಇಸ್ರಾಯೇಲ್ಯರ ಆರಾಧನೆಯ ಡೇರೆಯಾದ ದೇವದರ್ಶನದ ಗುಡಾರದ ಹಲಗೆ, ಪರದೆ, ಕೊಂಡಿಗಳ ಅಳತೆ ಆರಂಭವಾಗುತ್ತದೆ. ಜನವರಿ 31ಕ್ಕೆ ಯಜ್ಞಗಳ, ಯಾಜಕರ ನಿಯಮಗಳಿರುವ ಯಾಜಕಕಾಂಡ. ಎಲ್ಲರೂ ನಿಲ್ಲುವ ಜಾಗ ಒಂದೇ ಆಗಿರುವಾಗ, ತಪ್ಪನ್ನು ಓದುವವರ ನಂಬಿಕೆಯಲ್ಲಿ ಹುಡುಕುವುದಕ್ಕಿಂತ ಓದುವ ಕ್ರಮದಲ್ಲಿ ಹುಡುಕುವುದು ಸರಿ. ಆ ಕ್ರಮವನ್ನು ಬದಲಿಸಿಕೊಂಡ ಮೇಲೆ ನನ್ನ ಓದು ನಿಂತಿಲ್ಲ. ಸಭೆಯಲ್ಲಿ ನನ್ನ ಜೊತೆ ಕುಳಿತ ಹಲವರದೂ ನಿಂತಿಲ್ಲ. ಅದನ್ನೇ ಇಲ್ಲಿ ಬರೆದಿದ್ದೇನೆ.

ಹಂತ 1: ಬೇಕಾದ ಸಾಮಾನುಗಳನ್ನು ಮೊದಲೇ ಜೋಡಿಸಿಕೊಳ್ಳುವುದು

ದೊಡ್ಡ ಅಕ್ಷರದ ಮುದ್ರಿತ ಸತ್ಯವೇದ, ನೂರು ಪುಟದ ನೋಟ್‌ಬುಕ್, ಮೆತ್ತನೆಯ ಸೀಸದ ಪೆನ್ಸಿಲ್, ಒಂದು ಗಡಿಯಾರ. ಇಷ್ಟಿದ್ದರೆ ಸಾಕು. ಪೆನ್ನು ಬೇಡ ಎನ್ನುವುದಕ್ಕೆ ಕಾರಣವಿದೆ: ಸತ್ಯವೇದದ ಕಾಗದ ತೀರ ತೆಳು, ಶಾಯಿ ಹಿಂದಿನ ಪುಟಕ್ಕೆ ಇಳಿದು ಅಲ್ಲಿಯ ವಚನಗಳನ್ನು ಕೆಡಿಸುತ್ತದೆ. ಅಲ್ಲದೆ ಇಂದು ಹಾಕಿದ ಗುರುತನ್ನು ಮುಂದಿನ ವರ್ಷ ಅಳಿಸಬೇಕಾಗಿ ಬರುವುದುಂಟು.

ಕನ್ನಡಕದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನಲವತ್ತಾರನೆಯ ವಯಸ್ಸಿನಲ್ಲಿ ಹತ್ತು ವಚನ ಓದುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು ಬಂದು ತಲೆ ಭಾರವಾಗುತ್ತಿತ್ತು. ವಾಕ್ಯದ ಮೇಲಿನ ಹಸಿವು ಹೋಯಿತೆಂದು ತಿಂಗಳುಗಟ್ಟಲೆ ಪ್ರಾರ್ಥಿಸಿದೆ. ಕೊನೆಗೆ ಕಣ್ಣಿನ ವೈದ್ಯರು ಓದುವ ಕನ್ನಡಕ ಬರೆದುಕೊಟ್ಟ ಮರುದಿನವೇ ಒಂದು ಅಧ್ಯಾಯ ಸಲೀಸಾಗಿ ಮುಗಿಯಿತು. ನಲವತ್ತು ದಾಟಿದವರು ಆತ್ಮಿಕ ಕಾರಣವನ್ನು ಹುಡುಕುವ ಮೊದಲು ಕಣ್ಣನ್ನು ತೋರಿಸಿಕೊಳ್ಳಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ.

ಫೋನಿನಲ್ಲಿ ಓದಬಹುದೇ ಎಂದು ಯುವಕರು ಕೇಳುತ್ತಾರೆ. ಯೂವರ್ಷನ್ ಆ್ಯಪ್‌ನಲ್ಲಿ ಕನ್ನಡ ಭಾಷಾಂತರಗಳು ಉಚಿತವಾಗಿ ಸಿಗುತ್ತವೆ, ಬಸ್ಸಿನಲ್ಲಿ ಅದು ಉಪಕಾರಿಯೇ. ಆದರೆ ಬೆಳಗಿನ ಮುಖ್ಯ ಓದಿಗೆ ಕಾಗದವೇ ಇರಲಿ, ಫೋನು ಬೇರೆ ಕೋಣೆಯಲ್ಲಿರಲಿ. ಮೂರನೆಯ ವಚನದ ಹೊತ್ತಿಗೆ ವಾಟ್ಸ್‌ಆ್ಯಪ್ ಸದ್ದು ಮಾಡಿದರೆ ಕೈ ತಾನಾಗಿಯೇ ಅತ್ತ ಹೋಗುತ್ತದೆ.

ಹಂತ 2: ಭಾಷಾಂತರವನ್ನು ಆರಿಸುವುದು

ನಮ್ಮ ಹಿರಿಯರ ಕೈಯಲ್ಲಿದ್ದ, ‘ಯೆಹೋವನು’ ಎಂದು ದೇವರ ಹೆಸರನ್ನು ಬರೆಯುವ ಹಳೆಯ ಭಾಷಾಂತರವೇ ಇಂದಿಗೂ ಹೆಚ್ಚಿನ ಸಭೆಗಳಲ್ಲಿ ಓದಲ್ಪಡುತ್ತದೆ. ಅದರ ಲಯ ಬಾಯಿಪಾಠಕ್ಕೆ ಬಹಳ ಒದಗುತ್ತದೆ. ಆದರೆ ಇಂಗ್ಲಿಷ್ ಶಾಲೆಯಲ್ಲಿ ಓದಿದ ಮಕ್ಕಳಿಗೆ ಅದರ ವಾಕ್ಯರಚನೆ ಕಷ್ಟವಾಗುತ್ತದೆ. ‘ಸರ್ವೇಶ್ವರ’ ಎಂಬ ಪದವನ್ನು ಬಳಸುವ ಭಾಷಾಂತರವೂ, ಆಡುಮಾತಿಗೆ ಹತ್ತಿರವಾದ ಸುಲಭ ಓದಿನ ಭಾಷಾಂತರವೂ ಇವೆ. ಮೊದಲ ವರ್ಷ ನಿಮಗೆ ಅರ್ಥವಾಗುವ ಒಂದನ್ನು ಹಿಡಿದು ಅದರಲ್ಲಿಯೇ ಓದಿರಿ. ತಿಳಿಯದ ವಚನ ಬಂದಾಗ ಮಾತ್ರ ಇನ್ನೊಂದರಲ್ಲಿ ಹೋಲಿಸಿರಿ. ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಹೋಗುವ ನಮ್ಮ ಕ್ಯಾಥೊಲಿಕ್ ಸ್ನೇಹಿತರ ಬೈಬಲ್‌ನಲ್ಲಿ 73 ಪುಸ್ತಕಗಳಿರುತ್ತವೆ. ಇಲ್ಲಿ ಹೇಳುವ ಕ್ರಮ ಅವರಿಗೂ ಹಾಗೆಯೇ ಹೊಂದುತ್ತದೆ.

ಹಂತ 3: ಸಮಯ ಮತ್ತು ಜಾಗವನ್ನು ಗಟ್ಟಿಮಾಡುವುದು

‘ಬೆಳಿಗ್ಗೆ ಓದುತ್ತೇನೆ’ ಎಂಬ ನಿರ್ಧಾರ ನಿಲ್ಲುವುದಿಲ್ಲ. ‘ಹಾಲು ಕಾಯಿಸಿ ಇಳಿಸಿದ ಮೇಲೆ, ದಿನಪತ್ರಿಕೆ ಮುಟ್ಟುವ ಮೊದಲು, ಕಿಟಕಿಯ ಬಳಿಯ ಕುರ್ಚಿಯಲ್ಲಿ’ ಎಂಬ ನಿರ್ಧಾರ ನಿಲ್ಲುತ್ತದೆ. ದಿನವೂ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಓದನ್ನು ಕಟ್ಟಿಹಾಕಬೇಕು. ಮಿಲ್ಲಿನಲ್ಲಿಯೋ ಆಸ್ಪತ್ರೆಯಲ್ಲಿಯೋ ಪಾಳಿಯ ಮೇಲೆ ದುಡಿಯುವವರು ಗಂಟೆಯನ್ನು ಗೊತ್ತುಮಾಡಿಕೊಳ್ಳುವುದಕ್ಕಿಂತ ‘ಪಾಳಿಗೆ ಹೊರಡುವ ಮುನ್ನ’ ಎಂದು ಗೊತ್ತುಮಾಡಿಕೊಳ್ಳಲಿ.

ಇಪ್ಪತ್ತು ನಿಮಿಷ ಸಾಕು. ಆರಂಭದ ಉತ್ಸಾಹದಲ್ಲಿ ಒಂದು ಗಂಟೆ ಇಟ್ಟುಕೊಂಡವರು ಮೂರನೆಯ ವಾರಕ್ಕೆ ಸೋಲುವುದನ್ನು ನೋಡಿದ್ದೇನೆ.

ಹಂತ 4: ಎಲ್ಲಿಂದ ಆರಂಭಿಸಬೇಕು

ಸತ್ಯವೇದ ಒಂದೇ ಕಾದಂಬರಿಯಲ್ಲ, ಅನೇಕ ಪುಸ್ತಕಗಳ ಸಂಗ್ರಹ. ಆದ್ದರಿಂದ ಮೊದಲ ಪುಟದಿಂದಲೇ ಹೊರಡಬೇಕೆಂಬ ಕಟ್ಟಳೆ ಇಲ್ಲ. ಮೊದಲ ವರ್ಷಕ್ಕೆ ನಾನು ಕೊಡುವ ಕ್ರಮ ಇದು: ಮಾರ್ಕನ ಸುವಾರ್ತೆ 16 ಅಧ್ಯಾಯ, ಆದಿಕಾಂಡ 50, ವಿಮೋಚನಕಾಂಡದ ಮೊದಲ 20, ಲೂಕನ ಸುವಾರ್ತೆ 24, ರೂತಳು 4, ಸಮುವೇಲನ ಎರಡು ಪುಸ್ತಕಗಳು 55, ಅಪೊಸ್ತಲರ ಕೃತ್ಯಗಳು 28, ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ 4, ಯಾಕೋಬನ ಪತ್ರಿಕೆ 5, ರೋಮಾಪುರದವರಿಗೆ ಬರೆದದ್ದು 16, ಕೊನೆಗೆ ಯೋಹಾನನ ಸುವಾರ್ತೆ 21. ಒಟ್ಟು 243 ಅಧ್ಯಾಯಗಳು. ದಿನಕ್ಕೆ ಒಂದರಂತೆ ವಾರಕ್ಕೆ ಆರು ದಿನ ಓದಿದರೆ 41 ವಾರಗಳಲ್ಲಿ ಮುಗಿಯುತ್ತದೆ. ಉಳಿದ 11 ವಾರಗಳು ಕಾಯಿಲೆ, ಮದುವೆ, ಸುಗ್ಗಿ, ಊರಿನ ಪ್ರಯಾಣಗಳಿಗಾಗಿ ಮೊದಲೇ ಎತ್ತಿಟ್ಟವು. ಹೀಗೆ ಎತ್ತಿಡುವುದು ಸೋಮಾರಿತನವಲ್ಲ. ಅಕ್ಟೋಬರ್ ಬಂತೆಂದರೆ ಮೆಕ್ಕೆಜೋಳದ ಆವಕದಿಂದ ನನಗೆ ಮನೆಗೆ ಬಂದು ಉಣ್ಣಲೂ ಹೊತ್ತಿರುವುದಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ನನ್ನ ಬದುಕಿನ ಯೋಜನೆಯೇ ಅಲ್ಲ.

ರಾತ್ರಿ ಮಲಗುವ ಮೊದಲು ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆಯನ್ನು ಸೇರಿಸಿಕೊಳ್ಳಬಹುದು. ಸೇರಿಸಿಕೊಳ್ಳಲೇಬೇಕೆಂದಿಲ್ಲ.

ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯನ್ನಷ್ಟೇ ಒಂದು ವರ್ಷದಲ್ಲಿ ಮುಗಿಸಬಯಸುವವರಿಗೆ ಇನ್ನೂ ಸುಲಭವಾದ ಲೆಕ್ಕವಿದೆ: ಅದರಲ್ಲಿರುವುದು 260 ಅಧ್ಯಾಯ, ವಾರಕ್ಕೆ ಐದರಂತೆ 52 ವಾರಕ್ಕೆ ಸರಿಯಾಗಿ ಹೊಂದುತ್ತದೆ.

ಹಂತ 5: ಇಪ್ಪತ್ತು ನಿಮಿಷವನ್ನು ಬಳಸುವ ರೀತಿ

ಮೊದಲು ಒಂದು ನಿಮಿಷದ ಪ್ರಾರ್ಥನೆ. ಅದು ಉದ್ದವಾಗಬಾರದು. 86ನೆಯ ಕೀರ್ತನೆಯ 11ನೆಯ ವಚನದಲ್ಲಿ ದಾವೀದನು ಚದುರಿದ ಹೃದಯವನ್ನು ಒಂದುಗೂಡಿಸೆಂದು ಬೇಡಿಕೊಳ್ಳುತ್ತಾನೆ. ನಾನು ಕುರ್ಚಿಯಲ್ಲಿ ಕುಳಿತಾಗ ಕೇಳಿಕೊಳ್ಳುವುದು ಅದನ್ನೇ. ಆಮೇಲೆ ಅಧ್ಯಾಯವನ್ನು ತುಟಿ ಅಲುಗುವಂತೆ, ಸಾಧ್ಯವಾದರೆ ಗಟ್ಟಿಯಾಗಿ, ಒಮ್ಮೆ ಪೂರ್ತಿ ಓದಬೇಕು. ಕಣ್ಣು ಹಾರಿಹೋಗುವ ಪದವನ್ನು ಬಾಯಿ ಹಾರಿಸುವುದಿಲ್ಲ. ಮೂರನೆಯದಾಗಿ, ಅಧ್ಯಾಯದಲ್ಲಿ ಮನಸ್ಸು ತಡೆದ ಒಂದು ತುಂಡನ್ನು ಎರಡನೆಯ ಸಲ ನಿಧಾನವಾಗಿ ಓದಿ, ಪೆನ್ಸಿಲ್ ಹಿಡಿಯಬೇಕು.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರೇ ಸಾಲು. ‘ಕಂಡದ್ದು’ ಎಂಬಲ್ಲಿ ವಚನದಲ್ಲಿ ನಿಜವಾಗಿ ಬರೆದಿರುವ ಒಂದು ಸಂಗತಿ. ‘ತಿಳಿಯದ್ದು’ ಎಂಬಲ್ಲಿ ಒಂದು ಪ್ರಶ್ನೆ. ‘ಇಂದು’ ಎಂಬಲ್ಲಿ ಇಂದಿನ ದಿನ ಮುಗಿಯುವ ಮೊದಲು ಮಾಡಬೇಕಾದ ಒಂದು ಕೆಲಸ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮಾರ್ಕನ ಎರಡನೆಯ ಅಧ್ಯಾಯದ ಮೊದಲ ಹನ್ನೆರಡು ವಚನಗಳಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತರುತ್ತಾರೆ; ಜನರ ಗುಂಪಿನಿಂದ ಒಳಗೆ ಹೋಗಲಾಗದೆ ಮಾಳಿಗೆಯನ್ನು ತೆಗೆದು ಅವನನ್ನು ಹಾಸಿಗೆಯ ಸಮೇತ ಇಳಿಸುತ್ತಾರೆ. ಇದನ್ನು ಭಾನುವಾರ ಶಾಲೆಯಿಂದ ಕೇಳಿದವರು ‘ಗೊತ್ತಿರುವ ಕಥೆ’ ಎಂದು ಮುಂದೆ ಹೋಗುತ್ತಾರೆ. ಎರಡನೆಯ ಸಲ ನಿಧಾನವಾಗಿ ಓದಿದಾಗ ನನಗೆ ಐದನೆಯ ವಚನ ತಡೆಯಿತು. ಯೇಸುಸ್ವಾಮಿ ನೋಡಿದ್ದು ‘ಅವರ’ ನಂಬಿಕೆಯನ್ನು ಎಂದು ಅಲ್ಲಿದೆ. ರೋಗಿಯ ಬಾಯಿಂದ ಒಂದು ಮಾತೂ ಬಂದಿಲ್ಲ. ಹೊತ್ತವರ ನಂಬಿಕೆ ಲೆಕ್ಕಕ್ಕೆ ಬಂದಿದೆ. ಇನ್ನೊಂದು ಸಂಗತಿಯೆಂದರೆ, ಕಾಲಿಗೆ ಸ್ವಸ್ಥತೆ ಬೇಡಿ ಬಂದವನಿಗೆ ಮೊದಲು ದೊರೆತದ್ದು ಪಾಪಗಳ ಕ್ಷಮೆ. ‘ಕಂಡದ್ದು’ ಎಂಬಲ್ಲಿ ಮೊದಲನೆಯದನ್ನು, ‘ತಿಳಿಯದ್ದು’ ಎಂಬಲ್ಲಿ ಎರಡನೆಯದು ಏಕೆ ಎಂಬುದನ್ನು ಬರೆದೆ. ‘ಇಂದು’ ಎಂಬಲ್ಲಿ, ಬಿದ್ದು ಕಾಲು ಮುರಿದುಕೊಂಡು ಎರಡು ತಿಂಗಳಿಂದ ಆರಾಧನೆಗೆ ಬರಲಾಗದಿದ್ದ ಹಮಾಲಿ ಅಣ್ಣನ ಮನೆಗೆ ಸಂಜೆ ಹೋಗಬೇಕು ಎಂದು ಬರೆದೆ.

‘ಇಂದು’ ಎಂಬ ಸಾಲಿನಲ್ಲಿ ‘ಹೆಚ್ಚು ಪ್ರೀತಿಸಬೇಕು’, ‘ನಂಬಿಕೆಯಲ್ಲಿ ಬೆಳೆಯಬೇಕು’ ಎಂದು ಬರೆಯುವುದು ಬಹು ಸಾಮಾನ್ಯವಾದ ತಪ್ಪು. ಸಂಜೆ ನೋಡಿದಾಗ ಆಗಿದೆಯೋ ಇಲ್ಲವೋ ಎಂದು ಹೇಳಲಾಗದ ಮಾತು ಆ ಸಾಲಿಗೆ ಬರಬಾರದು. ಯಾರ ಮನೆ, ಯಾವ ಹೊತ್ತು, ಎಷ್ಟು ಹಣ, ಯಾವ ಮಾತು ಎಂಬುದು ಅಲ್ಲಿರಬೇಕು.

ಹಂತ 6: ನೀರನ್ನು ಕೊನೆಯ ಜಮೀನಿಗೆ ತಲುಪಿಸುವುದು

ನನಗೆ ಹೇಳಲಿಕ್ಕಿರುವ ಮುಖ್ಯ ಮಾತು ಈ ಹಂತದಲ್ಲಿದೆ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ, ದೇವರನ್ನು ಪೂರ್ಣಹೃದಯದಿಂದಲೂ ಪೂರ್ಣಪ್ರಾಣದಿಂದಲೂ ಪೂರ್ಣಶಕ್ತಿಯಿಂದಲೂ ಪ್ರೀತಿಸಬೇಕೆಂದು ಹೇಳಿ, ಕೂಡಲೇ ಮನೆಯಲ್ಲಿ ಕುಳಿತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಎಂದು ದಿನದ ಹೊತ್ತುಗಳನ್ನು ಎಣಿಸುತ್ತದೆ. ಪೂರ್ಣಹೃದಯವೆಂದರೆ ಆರಾಧನೆಯಲ್ಲಿ ಕಣ್ಣೀರು ಬರುವುದೆಂದು ನಾನು ಬಹುಕಾಲ ತಿಳಿದಿದ್ದೆ. ಈ ವಚನಗಳು ಹೇಳುವ ಪೂರ್ಣತೆ ಬದುಕಿನ ಯಾವ ಮೂಲೆಯನ್ನೂ ಹೊರಗಿಡದ ಪೂರ್ಣತೆ.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸುವುದು ಸುಲಭ. ಭದ್ರಾ ಬಲದಂಡೆ ನಾಲೆಗೆ ನೀರು ಬಿಟ್ಟಿದ್ದಾರೆಂಬ ಸುದ್ದಿ ಬಂದು, ಮೇಲಿನ ಭಾಗದ ಗದ್ದೆಗಳಲ್ಲಿ ನಾಟಿ ಮುಗಿದರೂ, ಕೊನೆಯ ಭಾಗದ ರೈತರು ಒಣಗಿದ ಕಾಲುವೆಯನ್ನು ನೋಡುತ್ತಾ ನಿಂತಿರುವುದನ್ನು ನಾವು ಕಂಡಿದ್ದೇವೆ. ನೀರು ಬಿಟ್ಟದ್ದೂ ನಿಜ, ಪೈರು ಒಣಗಿದ್ದೂ ನಿಜ. ಮೊದಲನೆಯ ಕೀರ್ತನೆ ವಾಕ್ಯವನ್ನು ಧ್ಯಾನಿಸುವವನನ್ನು ಕಾಲುವೆಯ ದಡದ ಮರಕ್ಕೆ ಹೋಲಿಸುತ್ತದೆ. ನನ್ನ ಭಾನುವಾರ, ನನ್ನ ಪ್ರಾರ್ಥನೆ, ನನ್ನ ಹಾಡು ಆ ದಡದಲ್ಲಿದ್ದವು. ನನ್ನ ಲೆಕ್ಕದ ಪುಸ್ತಕ ನಾಲೆಯ ತೀರ ಕೊನೆಯಲ್ಲಿತ್ತು.

ಆಗ ನಾನು ಬೇರೊಂದು ಅಂಗಡಿಯಲ್ಲಿದ್ದೆ. ಒಂದು ನವೆಂಬರ್ ಬೆಳಿಗ್ಗೆ ಯಾಜಕಕಾಂಡದ 19ನೆಯ ಅಧ್ಯಾಯ ಓದಿದೆ. ಅದರ 35 ಮತ್ತು 36ನೆಯ ವಚನಗಳು ಅಳತೆಯಲ್ಲಿ, ತೂಕದಲ್ಲಿ ಅನ್ಯಾಯ ಮಾಡಬಾರದು, ತಕ್ಕಡಿಯೂ ತೂಕದ ಕಲ್ಲೂ ನ್ಯಾಯವಾಗಿರಬೇಕು ಎನ್ನುತ್ತವೆ. ಆ ಅಂಗಡಿಯಲ್ಲಿ ಪ್ರತಿ ಮೂಟೆಗೆ ಖಾಲಿ ಚೀಲದ ತೂಕವೆಂದು ಒಂದು ಕಿಲೋ ಕಳೆಯುವುದು ರೂಢಿಯಾಗಿತ್ತು. ಒಂಬತ್ತು ವರ್ಷ ಅದನ್ನು ನನ್ನ ಕೈಯಿಂದಲೇ ಬರೆದಿದ್ದೆ. ಆ ದಿನ ಖಾಲಿ ಚೀಲವೊಂದನ್ನು ತಕ್ಕಡಿಯ ಮೇಲಿಟ್ಟು ನೋಡಿದೆ. 620 ಗ್ರಾಂ ಇತ್ತು. ಮುಂದೆ ನಿಂತಿದ್ದ ರೈತನದು 80 ಮೂಟೆ. ಅಂದರೆ ಮೂವತ್ತು ಕಿಲೋ ಮೆಕ್ಕೆಜೋಳದ ಹಣ ಅವನ ಕೈಗೆ ಸೇರದೆ ಹೋಗುತ್ತಿತ್ತು. ಮಾಲೀಕರ ಬಳಿ ಹೋಗಿ, ಚೀಲ ತೂಗಿ ಅಷ್ಟನ್ನೇ ಕಳೆಯೋಣವೆಂದು ಕೇಳಿದೆ.

“ಏನ್ರೀ, ಇಷ್ಟು ವರ್ಷ ಇಲ್ಲದ್ದು ಇವತ್ತೇನು ಬಂತು?” ಎಂದರು.

“ಇವತ್ತು ಓದಿದೆ ಸಾವ್ಕಾರ್ರೇ” ಎಂದೆ.

ಅವರು ಒಪ್ಪಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ನಾನು ಈಗಿರುವ ಅಂಗಡಿಗೆ ಬಂದೆ; ಸಂಬಳ ಕಡಿಮೆಯಾಯಿತು, ಮನೆಯಲ್ಲಿ ಒಂದೆರಡು ವರ್ಷ ಕಷ್ಟವೂ ಆಯಿತು. ಇದನ್ನು ಬರೆಯುತ್ತಿರುವುದು ಓದುವವರೆಲ್ಲ ಕೆಲಸ ಬಿಡಬೇಕೆಂದಲ್ಲ. ಪ್ರತಿಯೊಬ್ಬರಿಗೂ ನೀರು ತಲುಪದ ಒಂದು ಜಮೀನಿರುತ್ತದೆ, ಅದು ಯಾವುದೆಂದು ಮೊದಲೇ ಗುರುತಿಸಿಕೊಳ್ಳುವುದು ಒಳ್ಳೆಯದು ಎಂದಷ್ಟೇ. ಕೆಲವರಿಗೆ ಅದು ಸೊಸೆಯೊಡನೆ ಆಡುವ ಮಾತು. ಕೆಲವರಿಗೆ ಅಣ್ಣತಮ್ಮಂದಿರ ಪಾಲುಪಾರೀಕತ್ತು. ಕೆಲವರಿಗೆ ಮನೆಗೆಲಸದವರ ಕೂಲಿಯನ್ನು ನಾಳೆ ನಾಡಿದ್ದೆಂದು ತಳ್ಳುವ ಅಭ್ಯಾಸ. ಕೂಲಿಯ ವಿಷಯವೂ ಅದೇ ಅಧ್ಯಾಯದ 13ನೆಯ ವಚನದಲ್ಲಿದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆ ಜಮೀನಿನ ಹೆಸರನ್ನು ಬರೆದಿಟ್ಟುಕೊಂಡು, ತಿಂಗಳಿಗೊಮ್ಮೆ ‘ಇಂದು’ ಎಂಬ ಸಾಲುಗಳನ್ನೆಲ್ಲ ಓದಿ, ಅವುಗಳಲ್ಲಿ ಒಂದಾದರೂ ಅಲ್ಲಿಗೆ ತಲುಪಿದೆಯೇ ಎಂದು ನೋಡಬೇಕು.

ಸಂಜೆ ಮಲಗುವ ಮುನ್ನ ಆ ದಿನದ ಸಾಲಿನ ಮುಂದೆ ಆದರೆ ಸರಿ ಗುರುತು, ಆಗದಿದ್ದರೆ ಖಾಲಿ. ಖಾಲಿ ಬಿಟ್ಟದ್ದಕ್ಕೆ ಸಮಜಾಯಿಷಿ ಬರೆಯಬೇಡಿರಿ. ಅದನ್ನು ದೇವರ ಮುಂದೆ ಒಪ್ಪಿಕೊಂಡು ಮಲಗಿರಿ.

ಹಂತ 7: ದಿನ ತಪ್ಪಿದಾಗ

ದಿನ ತಪ್ಪಿಯೇ ತಪ್ಪುತ್ತದೆ. ಓದು ನಿಂತುಹೋಗುವುದು ತಪ್ಪಿದ ದಿನದಿಂದಲ್ಲ, ಬಾಕಿ ತೀರಿಸುವ ಹಟದಿಂದ. ಲೆಕ್ಕ ಬರೆಯುವವನಾದ್ದರಿಂದ ನನಗೆ ಬಾಕಿ ಕಂಡರೆ ನಿದ್ದೆ ಬಾರದು. ಒಂದು ವರ್ಷ ಹೀಗೆ ಉಳಿದಿದ್ದ 22 ಅಧ್ಯಾಯಗಳನ್ನು ಒಂದೇ ಭಾನುವಾರ ಮಧ್ಯಾಹ್ನ ಕುಳಿತು ಓದಿ ಮುಗಿಸಿದೆ. ಸೋಮವಾರ ಅವುಗಳಲ್ಲಿ ಒಂದು ವಚನವೂ ನೆನಪಿರಲಿಲ್ಲ, ಮಂಗಳವಾರ ಪುಸ್ತಕ ತೆರೆಯಲೇ ಇಲ್ಲ.

ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ, ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಆಹಾರವಾದ ಮನ್ನವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕಿತ್ತು. ಮಾತು ಮೀರಿ ಮರುದಿನಕ್ಕೆ ಉಳಿಸಿಕೊಂಡದ್ದು ಹುಳು ಬಿದ್ದು ನಾರಿತು. ತಪ್ಪಿದ ದಿನಗಳಿಗೆ ಇದೇ ನಿಯಮ. ಒಂದು ದಿನ ತಪ್ಪಿದರೂ ಹತ್ತು ದಿನ ತಪ್ಪಿದರೂ, ನಿಲ್ಲಿಸಿದ ಅಧ್ಯಾಯದಿಂದ ಒಂದೇ ಅಧ್ಯಾಯ ಓದಿ ಮುಂದುವರಿಯಬೇಕು. ದಿನಾಂಕ ಮುದ್ರಿಸಿದ ಓದಿನ ಪಟ್ಟಿಗಳನ್ನು ನಾನು ಹೊಸಬರಿಗೆ ಕೊಡದಿರುವುದು ಇದಕ್ಕೇ. ಪುಸ್ತಕದಲ್ಲಿ ರಿಬ್ಬನ್ ಎಲ್ಲಿದೆಯೋ ಅದೇ ಇಂದಿನ ಜಾಗ.

ಹತ್ತು ದಿನಕ್ಕಿಂತ ಹೆಚ್ಚು ನಿಂತುಹೋಗಿದ್ದರೆ ಮೊದಲ ಎರಡು ದಿನ ಚಿಕ್ಕ ಕೀರ್ತನೆಗಳನ್ನು ಓದಿ ಕುಳಿತುಕೊಳ್ಳುವ ರೂಢಿಯನ್ನು ಮರಳಿ ತಂದುಕೊಳ್ಳಿರಿ. 117ನೆಯ ಕೀರ್ತನೆಯಲ್ಲಿ ಎರಡೇ ವಚನಗಳಿವೆ.

ಹಂತ 8: ಕಷ್ಟದ ಪುಸ್ತಕಗಳು, ಒಣಗಿದ ದಿನಗಳು

ಯಾಜಕಕಾಂಡವನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಿರಿ, ಆದರೆ ಕೈಬಿಡಬೇಡಿರಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ಯೇಸುಸ್ವಾಮಿ ಎತ್ತಿಹೇಳಿದ ಆಜ್ಞೆ ಮೊದಲು ಬರುವುದು ಅದರ 19ನೆಯ ಅಧ್ಯಾಯದ 18ನೆಯ ವಚನದಲ್ಲಿ. ಮೊದಲು ಆ ಅಧ್ಯಾಯ, ನಂತರ ದೋಷಪರಿಹಾರದ ದಿನವನ್ನು ವಿವರಿಸುವ 16ನೆಯದು, ಅದರ ಜೊತೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 9 ಮತ್ತು 10ನೆಯ ಅಧ್ಯಾಯಗಳು, ಆಮೇಲೆ ಮೊದಲಿನಿಂದ ಎಲ್ಲವನ್ನೂ ಓದಿದರೆ ಯಜ್ಞಗಳ ವಿವರ ಏತಕ್ಕೆಂದು ತಿಳಿಯುತ್ತದೆ. ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯಗಳ ವಂಶಾವಳಿಯನ್ನು ಒಂದೆರಡು ದಿನದಲ್ಲಿ ಕಣ್ಣಾಡಿಸಿ ದಾಟಬಹುದು. ಪ್ರಕಟನೆಯನ್ನು ದಾನಿಯೇಲನನ್ನು ಓದಿದ ಮೇಲೆ ಓದಿರಿ.

ಓದಿದರೂ ಏನೂ ಅನ್ನಿಸದ ವಾರಗಳು ಬರುತ್ತವೆ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಚಿತ್ರದುರ್ಗದ ಸೀಮೆಯವರು ನಡುವಿನ ಅಷ್ಟೂ ವರ್ಷ ಇದ್ದ ನೀರಿನಲ್ಲಿಯೇ ಬೇಸಾಯ ಮಾಡಿದರು. ಒಣಗಿದ ವಾರದಲ್ಲಿ ಭಾಗವನ್ನು ಅರ್ಧಕ್ಕೆ ಇಳಿಸಿರಿ, ಸಮಯವನ್ನೂ ಜಾಗವನ್ನೂ ಬದಲಿಸಬೇಡಿರಿ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಅಂಥ ಪ್ರಾರ್ಥನೆಯೂ ಪವಿತ್ರಗ್ರಂಥದಲ್ಲಿ ಸೇರಿದೆಯೆಂಬುದು ನನ್ನ ಹೆಂಡತಿಯ ತಂಗಿ ತೀರಿಹೋದ ವರ್ಷ ನಮ್ಮ ಮನೆಗೆ ದೊಡ್ಡ ಆಸರೆಯಾಗಿತ್ತು. ನಿದ್ದೆ, ಊಟ, ಕೆಲಸ ಎಲ್ಲವೂ ಕೆಟ್ಟು ಮನಸ್ಸು ಮೇಲೇಳದಿದ್ದರೆ ಅದನ್ನು ಓದಿನ ಕೊರತೆಯೆಂದು ತಿಳಿಯದೆ ವೈದ್ಯರನ್ನು ಕಾಣಬೇಕು.

ಎಚ್ಚರಿಕೆಯ ಗುರುತುಗಳು

ಓದುತ್ತಿರುವಾಗ ಮನಸ್ಸಿಗೆ ಮೊದಲು ಬೇರೆಯವರ ಮುಖ ಬಂದರೆ, ‘ಈ ವಚನ ಅವರು ಓದಬೇಕಿತ್ತು’ ಎನ್ನಿಸಿದರೆ, ಅಲ್ಲಿಯೇ ನಿಲ್ಲಬೇಕು. ಯಾಕೋಬನ ಪತ್ರಿಕೆ ವಾಕ್ಯವನ್ನು ಕನ್ನಡಿಗೆ ಹೋಲಿಸುತ್ತದೆ. ಕನ್ನಡಿಯಲ್ಲಿ ಪಕ್ಕದ ಮನೆಯವರು ಕಾಣುತ್ತಿದ್ದರೆ ನಾವು ನಿಂತ ಜಾಗ ಸರಿಯಿಲ್ಲ.

ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳು ಬಿದ್ದ ವಚನವನ್ನು ಆ ದಿನದ ಶಕುನವಾಗಿ ತೆಗೆದುಕೊಳ್ಳುವ ಅಭ್ಯಾಸ ಇನ್ನೊಂದು. ಓದದೆ ಹೋದರೆ ವ್ಯಾಪಾರ ಕೆಡುತ್ತದೆ, ಗಾಡಿ ಅಪಘಾತವಾಗುತ್ತದೆ ಎಂಬ ಭಯವೂ ಇದೇ ಜಾತಿಯದು. ತಂದೆಯ ಮಾತು ಕೇಳಲು ಕುಳಿತವರಿಗೆ ಆ ಭಯ ಇರಬೇಕಾಗಿಲ್ಲ.

ವಾಗ್ದಾನದ ಕಾರ್ಡಿನ ವಚನವನ್ನು ಅದರ ಅಧ್ಯಾಯದಲ್ಲಿಟ್ಟು ಓದದಿರುವುದರಿಂದ ಎಷ್ಟೋ ಮಂದಿ ನಿರಾಶರಾಗಿದ್ದಾರೆ. ಯೆರೆಮೀಯನ 29ನೆಯ ಅಧ್ಯಾಯದ 11ನೆಯ ವಚನ, ದೇವರ ಆಲೋಚನೆಗಳು ಹಿತದ್ದೇ ಎನ್ನುವ ಸುಂದರವಾದ ಮಾತು. ಅದರ ಹಿಂದಿನ ವಚನದಲ್ಲಿ ಬಾಬಿಲೋನಿನ ಸೆರೆ ಎಪ್ಪತ್ತು ವರ್ಷ ಎಂದಿದೆ. ಎಲ್ಲಕ್ಕೂ ಶಕ್ತನಾಗಿದ್ದೇನೆಂದು ಫಿಲಿಪ್ಪಿಯವರಿಗೆ ಪೌಲನು ಬರೆದದ್ದು, ಹಸಿದಿರುವುದನ್ನೂ ಹೊಟ್ಟೆ ತುಂಬಿರುವುದನ್ನೂ ಕಲಿತಿದ್ದೇನೆಂದು ಹೇಳಿದ ಮೇಲೆ. ಅದನ್ನು ಪರೀಕ್ಷೆಯ ಅಂಕಗಳ ಭರವಸೆಯಾಗಿ ಹಿಡಿದು, ಫಲಿತಾಂಶದ ದಿನ ನಂಬಿಕೆಯನ್ನೇ ಬಿಟ್ಟ ಹುಡುಗನೊಬ್ಬನನ್ನು ನಾನು ಬಲ್ಲೆ. ಅವನನ್ನು ನೆನೆದಾಗಲೆಲ್ಲ ಹಿರಿಯರಾದ ನಾವು ಆ ಅಧ್ಯಾಯವನ್ನು ಅವನ ಜೊತೆ ಪೂರ್ತಿ ಓದಬೇಕಿತ್ತೆಂದು ನೋಯುತ್ತೇನೆ. ವಚನದ ಬಲದ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಹೃದಯದ ಮಾತ್ರೆಯನ್ನೋ ನಿಲ್ಲಿಸುವುದು ಇದಕ್ಕಿಂತ ಅಪಾಯದ್ದು. ಹಾಗೆ ಮಾಡುವವರು ಕಂಡರೆ ಸಭಾಪಾಲಕರಿಗೂ ಮನೆಯವರಿಗೂ ಕೂಡಲೇ ತಿಳಿಸಬೇಕು.

ಕೊನೆಯ ಗುರುತನ್ನು ಮನೆಯವರೇ ಹೇಳಬಲ್ಲರು. ಓದು ಹೆಚ್ಚುತ್ತಾ ಮಾತು ಬಿರುಸಾಗುತ್ತಿದ್ದರೆ ಎಲ್ಲೋ ನೀರು ಸೋರುತ್ತಿದೆ. ಆರು ತಿಂಗಳಿಗೊಮ್ಮೆ ಹೆಂಡತಿಯನ್ನೋ ಗಂಡನನ್ನೋ ನೇರವಾಗಿ ಕೇಳಿ, ಬಂದ ಉತ್ತರಕ್ಕೆ ಎದುರು ಮಾತಾಡದೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ.

ಹಂತ 9: ಮನೆಯವರನ್ನು ಸೇರಿಸಿಕೊಳ್ಳುವುದು

ಒಬ್ಬರೇ ಓದುವುದು ಎರಡು ಮೂರು ತಿಂಗಳು ನೆಲೆಯೂರಿದ ಮೇಲೆ ಮನೆಯವರ ಜೊತೆ ಓದುವುದನ್ನು ಆರಂಭಿಸಬೇಕು, ಅದಕ್ಕೂ ಮೊದಲಲ್ಲ. ವಾರಕ್ಕೆ ಎರಡು ರಾತ್ರಿ, ಹತ್ತು ಹನ್ನೆರಡು ವಚನ, ಮಕ್ಕಳಿಂದಲೇ ಓದಿಸಿ ಅವರಿಂದ ಒಂದು ಪ್ರಶ್ನೆ ಕೇಳಿಸುವುದು. ಉಪದೇಶ ಬೇಡ. ಊಟವಾದ ಮೇಲೆ ಮಕ್ಕಳು ತೂಕಡಿಸುತ್ತಾರೆ, ಆದ್ದರಿಂದ ಊಟಕ್ಕೆ ಮೊದಲು ಮುಗಿಸಿರಿ.

ಓದು ಬಾರದ ಹಿರಿಯರನ್ನು ಮರೆಯಬಾರದು. ಚಳ್ಳಕೆರೆಯ ಕಡೆಯ ಹಳ್ಳಿಯಲ್ಲಿ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದ ನಮ್ಮ ಅವ್ವನಿಗೆ ಅಕ್ಷರ ಬಾರದು. ಮಾರ್ಕನ ಎರಡನೆಯ ಅಧ್ಯಾಯವನ್ನು ನನ್ನ ಮಗಳು ಓದಿದ ರಾತ್ರಿ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಾ ಕುಳಿತಿದ್ದರು. ಓದಿ ಮುಗಿದ ಮೇಲೆ ಕೈ ನಿಲ್ಲಿಸಿ, “ಅಲ್ಲವ್ವಾ, ಆ ಮಾಳಿಗೆ ಆಮ್ಯಾಲೆ ಯಾರು ಮುಚ್ಚಿದ್ರು? ಮಳೆ ಬಂದ್ರೆ ಆ ಮನೆಯೋರ ಗತಿ?” ಎಂದು ಕೇಳಿದರು. ಹನ್ನೆರಡು ವಚನಗಳಲ್ಲಿ ಅದಕ್ಕೆ ಉತ್ತರವಿಲ್ಲ. ಮಗಳು ತನ್ನ ನೋಟ್‌ಬುಕ್ಕಿನಲ್ಲಿ ‘ತಿಳಿಯದ್ದು’ ಎಂಬಲ್ಲಿ ಅಜ್ಜಿಯ ಪ್ರಶ್ನೆಯನ್ನು ಹಾಗೆಯೇ ಬರೆದುಕೊಂಡಳು. ‘ಇಂದು’ ಎಂಬಲ್ಲಿ, ಹಮಾಲಿ ಅಣ್ಣನ ಮನೆಯ ಹಿಂದಿನ ಶೀಟು ಸೋರುತ್ತಿದೆಯೆಂದು ನಾನು ಹೇಳಿದ್ದನ್ನು ನೆನಪಿಟ್ಟುಕೊಂಡು, ‘ಶನಿವಾರ ಏಣಿ ತೆಗೆದುಕೊಂಡು ಹೋಗಬೇಕು, ಅಪ್ಪನೂ ಬರಬೇಕು’ ಎಂದು ಬರೆದಳು.